ಅಮ್ಮನ ಪೀಠದ ಕೆಳಗ ಅಶೋಕ: ನಾಗಾವಿ, ಸನ್ನತಿ, ಕನಗನಹಳ್ಳಿ ತಿರುಗಾಟ

ಸನ್ನತಿ ಚಂದ್ರಲಾಂಬಾ ನಮ್ಮತ್ತಿಯವರ ಮನಿ ದೇವ್ರು. ಮದುವಿ ಆದಾಗಿಂದ ನಾನು ಹೋಗ್ತಾನೇ ಇದ್ದೀನಿ, ಆದ್ರ ಹೋಗೋ ಪದ್ಧತಿ ಯಾವಾಗೂ ಒಂದೇ, ನಸುಕಿನ್ಯಾಗ ಕಲಬುರಗಿ ಬಿಡೋದು, ಉಡಿ ತುಂಬೋದು, ಪ್ರಸಾದ ಉಣ್ಣೋದು, ದೀಪ ಹಚ್ಚೋ ಹೊತ್ತಿಗ ಮನಿ ಸೇರೋದು. ಈ ಸಲ ನನ್ನ ಮೈದುನ ಕೇಳ್ಲಿಲ್ಲ. ಅವ ಡಿಗ್ರಿ ಕಾಲೇಜಿನ್ಯಾಗ ಇತಿಹಾಸ ಹೇಳ್ತಾನ. "ವೈನಿ, ಎರಡು ಸಾವಿರ ವರ್ಷದ ಊರು ಅದು, ನಾಕ್ ತಾಸಿನ್ಯಾಗ ಮುಗಿಸಿ ಬರ್ತೀರಲ್ಲ, ಈ ಸಲ ನಾ ಹೇಳ್ದಂಗ ಹೋಗೋಣು" ಅಂದ. ಅತ್ತಿಗೂ ಖುಷಿ, ಯಾಕಂದ್ರ ಅವರಿಗ ಹೊನಗುಂಟಾಕ್ಕ ಹೋಗೋದಿತ್ತು, ನಾಗಾವಿ ಯಲ್ಲಮ್ಮಗ ಒಂದು ಹರಕಿ ಬಾಕಿ ಇತ್ತು. ನಮ್ಮನಿಯವರು ಗಾಡಿ ಹೊಡೀಲಕ ಒಪ್ಪಿದ್ರು, ಅಷ್ಟೇ ಸಾಕಿತ್ತು.

ಶುಕ್ರವಾರ

ಸಂಕ್ರಾಂತಿ ಆಗಿ ವಾರ ಕಳದಿತ್ತು. ಕಲಬುರಗಿ ದಾಟಿ ಶಹಾಬಾದ್ ರೋಡ್ ಹಿಡಿದ್ರ ಎರಡೂ ಕಡಿ ತೊಗರಿ ರಾಶಿ ನಡದಾವ, ಕೆಲವು ಕಡಿ ಮಷಿನ್ ಹಚ್ಯಾರ, ಕೆಲವು ಕಡಿ ರೋಡಿನ ಮ್ಯಾಲೇ ಹಾಸಿಬಿಟ್ಟಾರ, ಹೋಗೋ ಬರೋ ಗಾಡಿ ಗಾಲಿಗ ಸಿಕ್ಕು ಕಾಳು ಉದುರ್ಲಿ ಅಂತ. ಒಂದು ಕಡಿ ಜೋಳದ ಹೊಲದ ಬದುವಿನ್ಯಾಗ ಸೀತನಿ ಸುಡ್ಲಕತ್ತಿದ್ರು. ನಮ್ಮನಿಯವರು ಗಾಡಿ ನಿಲ್ಲಿಸೇಬಿಟ್ರು. ಬೆಂಕಿಯೊಳಗಿಂದ ಹಸಿ ತೆನಿ ತಗದು, ಕೈಯಾಗ ತಿಕ್ಕಿ, ಊದಿ, ಹಸರು ಕಾಳಿನ ಮ್ಯಾಲ ಶೇಂಗಾ ಹಿಂಡಿ ಹಾಕಿ ಕೊಟ್ರು. ರೊಕ್ಕ ಕೊಡ್ಲಕ ಹೋದ್ರ ಹೊಲದ ಯಜಮಾನ ಸಿಟ್ಟಿಗೆದ್ದ, "ಸೀತನಿಗ ರೊಕ್ಕ ತಗೋತಾರೇನ್ರಿ ಅಕ್ಕಾರ" ಅಂದ. ಇದು ದೇವಸ್ಥಾನದ ಸುದ್ದಿ ಅಲ್ಲ, ಗೊತ್ತದ, ಆದ್ರ ಈ ಸೀಮಿಗ ಜನವರಿಯಾಗ ಬರೋರು ಸೀತನಿ ತಿನ್ನದ ಹೋಗಬ್ಯಾಡ್ರಿ.

ಶಹಾಬಾದ್ ಅಂದ್ರ ಫರ್ಸಿ. ನಮ್ಮ ಕಡಿ ಹಳೀ ಮನಿ ನೆಲ ಎಲ್ಲಾ ಅದೇ ಕಲ್ಲು. ಖಣಿ ಅಂಚಿಗ ನಿಂತು ನೋಡಿದ್ರ ಕಲ್ಲು ಪದರ ಪದರ ಆಗಿ ತಾನೇ ಬಿಟ್ಕೊಂಡಿರ್ತದ, ಚಾಣ ಹಾಕಿ ಎಬ್ಬಿಸೋದಷ್ಟೇ ಕೆಲಸ. ಮೈದುನ ಅಲ್ಲೇ ಶುರು ಮಾಡ್ದ, ಭೀಮಾ ದಂಡಿ ತುಂಬ ಇದೇ ಜಾತಿ ಸುಣ್ಣದಕಲ್ಲು ಅದ, ಸಾತವಾಹನರ ಕಾಲದ ಶಿಲ್ಪಿಗಳೂ ಕನಗನಹಳ್ಳಿ ಸ್ತೂಪಕ್ಕ ಇದನ್ನೇ ಬಳಸ್ಯಾರ, ಚಪ್ಪಟಿ ಇರ್ತದ, ಮೆತ್ತಗ ಕೆತ್ತಲಕ ಬರ್ತದ, ಬರೀಲಕ್ಕೂ ಛಲೋ, ಅಂತ. "ನೀವು ಫರ್ಸಿ ಮ್ಯಾಲ ಕೂತು ಉಣ್ತೀರಿ, ಅವ್ರು ಅದರ ಮ್ಯಾಲ ಬುದ್ಧನ ಕಥಿ ಬರದ್ರು" ಅಂದ. ಅತ್ತಿ "ಹೌದಪ್ಪ, ಮೊದ್ಲು ಹೊನಗುಂಟಾ ನಡಿ" ಅಂದ್ರು.

ಹೊನಗುಂಟಾದಾಗ ಕಾಗಿಣಾ ನದಿ ಬಂದು ಭೀಮಾಕ್ಕ ಕೂಡ್ತದ. ಕಾಗಿಣಾ ಅಂದ್ರ ಮಳಖೇಡದ ನದಿ, ರಾಷ್ಟ್ರಕೂಟರ ಮಾನ್ಯಖೇಟ ಇದ್ದದ್ದು ಇದರ ದಂಡಿ ಮ್ಯಾಲೇ. ನೀರು ಕಮ್ಮಿ ಇತ್ತು, ದಂಡಿಗ ಹೆಂಗಸರು ಅರಬಿ ಒಗೀಲಕತ್ತಿದ್ರು. ಅತ್ತಿ ಸಂಗಮಕ್ಕ ಇಳಿದು ಕಾಲು ತೊಳಕೊಂಡು ಅಲ್ಲೇ ಒಂದು ಕಲ್ಲಿನ ಮ್ಯಾಲ ಕೂತು ಕಥಿ ತಗದ್ರು, ಅದೇ ನಾರಾಯಣ ಮುನಿ ಕಥಿ. ನಾ ಎಷ್ಟೋ ಸಲ ಕೇಳೀನಿ, ಆದ್ರ ಆ ಜಾಗದಾಗ ಕೂತು ಕೇಳೋದು ಬ್ಯಾರೆ.

ಸನ್ನತಿಯಾಗ ಸೇತುರಾಜ ಅಂತ ಒಬ್ಬ ಅರಸ. ಅವನ ಕಣ್ಣು ನಾರಾಯಣ ಮುನಿ ಹೆಂಡ್ತಿ ಚಂದ್ರವದನಾ ಮ್ಯಾಲ ಬಿತ್ತು, ಎತ್ಕೊಂಡು ಹೋಗಿ ಅರಮನ್ಯಾಗ ಇಟ್ಟ. ಆಕಿ ಬುದ್ಧಿವಂತಿ, ನಂದೊಂದು ವ್ರತ ಅದ, ಅದು ಮುಗಿಯೋ ತನಕ ನನ್ನ ಮುಟ್ಟೋ ಹಂಗಿಲ್ಲ ಅಂದು ಟೈಮ್ ತಗೊಂಡ್ಳು. ಇತ್ತ ಮುನಿ ಹಿಂಗುಲಾಕ್ಕ ಹೋಗಿ ಹಿಂಗುಲಾಂಬಿಕಾನ ತಪಸ್ಸು ಮಾಡ್ದ. ಹಿಂಗುಲಾ ಅಂದ್ರ ಎಲ್ಲಿ? ಈಗಿನ ಪಾಕಿಸ್ತಾನದ ಬಲೂಚಿಸ್ತಾನದಾಗ, ಹಿಂಗೋಲ್ ನದಿ ಹತ್ರ, ಹಿಂಗಲಾಜ ಮಾತಾ ಅಂತಾರಲ್ಲ ಅದೇ ಶಕ್ತಿಪೀಠ. ಅಲ್ಲಿಂದ ಭೀಮಾ ದಂಡಿತನಕ ಅಮ್ಮ ಅವನ ಹಿಂದ ನಡಕೊಂಡು ಬಂದ್ಳು, ಒಂದೇ ಕರಾರು, ಹಿಂದ ತಿರುಗಿ ನೋಡಬಾರ್ದು. ಗೆಜ್ಜಿ ಸಪ್ಪಳ ಕೇಳ್ಕೋತ ಮುನಿ ಮುಂದ ನಡದ. ಹೊನಗುಂಟಾಕ್ಕ ಬಂದಾಗ ಸಪ್ಪಳ ನಿಂತ್ಹೋಯ್ತು. "ನೀರಾಗ ಕಾಲಿಟ್ರ ಗೆಜ್ಜಿ ಸಪ್ಪಳ ಎಲ್ಲಿ ಬರ್ತದವ್ವ, ಪಾಪ ಅವನಿಗ ಹೊಳೀಲಿಲ್ಲ" ಅಂದ್ರು ಅತ್ತಿ. ತಿರುಗಿ ನೋಡ್ದ. ಅಮ್ಮ ಅಲ್ಲೇ ನಿಂತ್ಳು. ಆದ್ರ ಕೈಬಿಡ್ಲಿಲ್ಲ, ತೆಂಗಿನಕಾಯಿ ಕೊಟ್ಟು ಸನ್ನತಿಗ ಹೋಗಿ ಒಡಿ ಅಂದ್ಳು. ಒಡದ್ರ ಒಳಗಿಂದ ದುಂಬಿ ಹಿಂಡು ಎದ್ದು ಸೇತುರಾಜನ ದಂಡಿನ ಮ್ಯಾಲ ಬಿತ್ತು. ಅವ ಕಡ್ತ ತಾಳಲಾರದ ಭೀಮಾಕ್ಕ ಹಾರಿ ಸತ್ತ. ಆಮ್ಯಾಲ ಚಂದ್ರವದನಾ ಬೇಡ್ಕೊಂಡದ್ದಕ್ಕ ಅಮ್ಮ ಆಕಿ ಹೆಸರಿನ್ಯಾಗೇ, ಚಂದ್ರಲಾ ಪರಮೇಶ್ವರಿ ಆಗಿ, ಸನ್ನತಿಯಾಗ ನೆಲಿ ನಿಂತ್ಳು.

ತೆಂಗಿನಕಾಯಿ ಎಷ್ಟು, ದುಂಬಿ ಎಲ್ಲಿಂದ ಬಂದ್ವು ಅನ್ನೋದು ಮನಿಯಿಂದ ಮನಿಗ ಬದಲಾಗ್ತದ. ನನಗ ಈ ಕಥ್ಯಾಗ ಹಿಡಿಸೋದು ಬ್ಯಾರೆ. ಇಲ್ಲಿ ದೇವಿ ಕತ್ತಿ ಹಿಡದು ರಾಕ್ಷಸನ ಮ್ಯಾಲ ಬರೋದಿಲ್ಲ, ಹೊಲದಾಗ ಇರೋ ದುಂಬಿ ಬರ್ತಾವ. ಶ್ರೀಶೈಲದ ಭ್ರಮರಾಂಬಾ ಕಥಿನೂ ಹಂಗೇ ಅದ, ಅರುಣಾಸುರನ ದುಂಬಿಯಿಂದ ಕೊಲ್ಲಿಸಿದ್ದು. ಮತ್ತ ಇಲ್ಲಿ ಗೆದ್ದಾಕಿ ಹೆಸರಲ್ಲ, ನೊಂದಾಕಿ ಹೆಸರು ದೇವಿಗ ಬಂತು. ಇದನ್ನ ಅತ್ತಿ ಮುಂದ ಹೇಳ್ದೆ, ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು "ಹೌದು ನೋಡು" ಅಂದ್ರು.

ವಾಡಿ ಜಂಕ್ಷನ್ ಮ್ಯಾಲ ಹಾದು ಚಿತ್ತಾಪುರ ಸೇರೋದ್ರಾಗ ಮಧ್ಯಾಹ್ನ ಆಗಿತ್ತು, ಗಾಡಿ ಗ್ಲಾಸ್ ಮ್ಯಾಲೆಲ್ಲಾ ಸಿಮೆಂಟ್ ಧೂಳು. ಚಿತ್ತಾಪುರದಾಗ ಅತ್ತಿ ತವರು ಕಡಿಯವರ ಮನಿ ಅದ, ಅಲ್ಲೇ ಊಟ, ಅಲ್ಲೇ ವಸ್ತಿ. ಪುಂಡಿಪಲ್ಯ, ಬಿಸಿ ರೊಟ್ಟಿ, ಕೆನಿ ಮೊಸರು, ಆಮ್ಯಾಲ ಒಂದು ತಾಸು ಯಾರೂ ಎಚ್ಚರ ಇರ್ಲಿಲ್ಲ.

ಸಂಜಿಗ ನಾಗಾವಿ. ಚಿತ್ತಾಪುರದ ಮಗ್ಗಲ್ದಾಗೇ ಅದ. ಯಲ್ಲಮ್ಮನ ಗುಡಿ, ಸೀಗಿ ಹುಣ್ಣಿಮಿ ಆದಮ್ಯಾಲ ಜಾತ್ರಿ, ಆವಾಗ ಇಲ್ಲಿ ಕಾಲಿಡ್ಲಕ ಜಾಗ ಇರಂಗಿಲ್ಲ. ನಾವು ಹೋದಾಗ ಬೆರಳೆಣಿಕಿ ಮಂದಿ. ಅತ್ತಿ ಹಡ್ಲಿಗಿ, ಅಂದ್ರ ಯಲ್ಲಮ್ಮನ ಹೆಸರಿನ ಬುಟ್ಟಿ, ತುಂಬಿಸಿದ್ರು, ಭಂಡಾರ ಹಚ್ಚಿಸಿಕೊಂಡ್ರು, ಒಬ್ಬಾಕಿ ವಯಸ್ಸಾದ ಜೋಗಮ್ಮ ಚೌಡಕಿ ಇಟ್ಕೊಂಡು ಕೂತಿದ್ಳು, "ಉಧೋ ಉಧೋ" ಅಂದಾಗ ಅತ್ತಿನೂ ದನಿಗೂಡಿಸಿದ್ರು. ಹರಕಿ ಏನು ಅಂತ ನಾ ಕೇಳ್ಲಿಲ್ಲ, ಅವ್ರು ಹೇಳ್ಲಿಲ್ಲ.

ನಾಗಾವಿ ಬರೀ ಯಲ್ಲಮ್ಮನ ಊರಂತ ತಿಳಿದಿದ್ದೆ. ಗುಡಿ ಸುತ್ತಮುತ್ತ ಹೊಲದಾಗ ಕಂಬ, ಮುರಿದ ಮಂಟಪ, ಶಾಸನದ ಕಲ್ಲು ಎಲ್ಲೆಂದ್ರಲ್ಲಿ. ಇಲ್ಲಿ ಕಲ್ಯಾಣ ಚಾಲುಕ್ಯರ ಕಾಲದಾಗ ಘಟಿಕಾಸ್ಥಾನ, ಅಂದ್ರ ದೊಡ್ಡ ವಿದ್ಯಾಕೇಂದ್ರ, ಇತ್ತು. 1058ರ ಶಾಸನ, ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕಿ, ಅವನ ದಂಡನಾಯಕ ಮಧುಸೂದನ ಅನ್ನೋನು ಇದಕ್ಕ ದತ್ತಿ ಕೊಟ್ಟಾನ. ವೇದ ಓದೋ ಹುಡುಗ್ರೇ 200 ಮಂದಿ, ಶಾಸ್ತ್ರ ಓದೋರು ಬ್ಯಾರೆ, ಅವರಿಗ ಊಟ ವಸತಿ, ಕಲಿಸೋರಿಗ ಭೂಮಿ. ಎಲ್ಲಕ್ಕಿಂತ ನನಗ ಮಜಾ ಅನಿಸಿದ್ದು, 6 ಮಂದಿ ಸರಸ್ವತೀ ಭಂಡಾರಿಗರು ಇದ್ರಂತ, ಅಂದ್ರ ಗ್ರಂಥ ಕಾಯೋರು, ನಮ್ಮ ಲೈಬ್ರರಿಯನ್‌. ಪುಸ್ತಕದ ಕೋಣಿಗೂ ಒಬ್ಬ ದೇವಿ ಹೆಸರೇ ಇಟ್ಟಿದ್ರು ನೋಡ್ರಿ. ಈಗಿನ ಎಷ್ಟು ಕಾಲೇಜಿನ್ಯಾಗ ಆರು ಮಂದಿ ಲೈಬ್ರರಿ ಸ್ಟಾಫ್ ಅದಾರ ಅಂತ ಮೈದುನನ್ನ ಕೇಳ್ದೆ, ಅವ ಉತ್ತರ ಕೊಡ್ಲಿಲ್ಲ. ಅರವತ್ತು ಕಂಬದ ಗುಡಿ ಅಂತ ಒಂದದ, ಒಳಗ ಹೋದ್ರ ಕಂಬದ ಸಾಲು ಭಾಳ ಚಂದ, ಬಾವಲಿ ವಾಸನಿ ಮಾತ್ರ ತಡಿಲಕ ಆಗಂಗಿಲ್ಲ. ಓದಿಸೋ ಮಂದಿ ಹೋದ್ರು, ಕಟ್ಟಡ ಬಿತ್ತು, ಊರಿನ ಹೆಸರು ಉಳಿಸಿದ್ದು ಯಲ್ಲಮ್ಮ. ಜಾತ್ರಿ ಇಲ್ಲದಿದ್ರ ಇಲ್ಲಿಗ ರೋಡೂ ಆಗ್ತಿರ್ಲಿಲ್ಲ ಅನ್ನೋದು ನನ್ನ ಅನಿಸಿಕಿ.

ಶನಿವಾರ

ನಾಲವಾರ ಸ್ಟೇಷನ್ ಕಡಿಂದ ಸನ್ನತಿಗ ಹೋಗೋ ದಾರಿ ಹಿಡಿದ್ವಿ. ಟ್ರೇನಿಗ ಬರೋರು ನಾಲವಾರಕ್ಕ ಇಳಿದು ಸುಮಾರು 20 ಕಿ.ಮೀ. ಟಂಟಂ ಇಲ್ಲಾ ಕ್ರೂಸರ್ ಹಿಡೀಬೇಕು. ಕರಿ ಭೂಮಿ, ನಡುನಡುವ ಕುಸುಬಿ ಹಳದಿ, ಭೀಮಾ ಕಂಡದ್ದೇ ಅತ್ತಿ ಕೈ ಮುಗುದ್ರು. ಬ್ಯಾರೇಜ್ ಆದಮ್ಯಾಲ ಇಲ್ಲಿ ಬ್ಯಾಸಗಿ ಮುಂದೂ ನೀರು ನಿಂತಿರ್ತದ, ಮೊದ್ಲು ಹಂಗಿರ್ಲಿಲ್ಲ ಅಂತ ಅತ್ತಿ ಹೇಳ್ತಾರ, ಉಸುಕಿನ್ಯಾಗ ನಡಕೊಂಡು ಹೋಗಿ ಒರತಿ ನೀರು ತುಂಬ್ಕೊಂಡು ಬರ್ತಿದ್ರಂತ.

ಗುಡಿ ಪ್ರಾಕಾರ ದೊಡ್ಡದು. ಶ್ರೀಚಕ್ರದ ಆಕಾರದಾಗ ಗುಡಿ ಕಟ್ಯಾರ, ಶಂಕರಾಚಾರ್ಯರು ಇಲ್ಲಿ ಶ್ರೀಚಕ್ರ ಸ್ಥಾಪನಾ ಮಾಡ್ಯಾರ ಅನ್ನೋದು ಕ್ಷೇತ್ರದ ನಂಬಿಕಿ. ಹೀಂಗಾಗಿ ಇಲ್ಲಿ ಕುಂಕುಮಾರ್ಚನಿಗ ಭಾಳ ಮಹತ್ವ. ನಾವು ಹೋದಾಗ ಪುಣೆ ಕಡಿಯಿಂದ ಬಂದ ಒಂದು ದೊಡ್ಡ ಕುಟುಂಬ ಕೂತಿತ್ತು, ಮರಾಠಿ ಮಾತು, ಆದ್ರ ಅಜ್ಜಿ ಮಾತ್ರ ನಮ್ಮಂಗೇ ಕನ್ನಡ, ಅದೂ ಹಳೀ ಗುಲಬರ್ಗಾ ಕನ್ನಡ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ ಮೂರೂ ಕಡಿ ಎಷ್ಟೋ ಮನೆತನಕ್ಕ ಈಕಿನೇ ಕುಲದೇವಿ. ಊರು ಬಿಟ್ಟು ತಲಿತಲಾಂತರ ಆದವರೂ ಮಗಂದು ಜವಳ, ಮದುವಿ, ಏನಿದ್ರೂ ಮೊದ್ಲ ಪತ್ರಿಕಿ ಇಲ್ಲಿಗೇ ತಂದು ಇಡ್ತಾರ.

ಉಡಿ ತುಂಬೋ ಕೆಲಸ ಅತ್ತಿ ಯಾರಿಗೂ ಬಿಡಂಗಿಲ್ಲ. ಹಸರು ಖಣ, ಅದರ ಮ್ಯಾಲ ಅಕ್ಕಿ, ಐದು ಉತ್ತತ್ತಿ, ಐದು ಅರಿಶಿಣ ಕೊಂಬು, ಬಟ್ಟಲಡಕಿ, ಕೊಬ್ಬರಿ ಬಟ್ಟಲು, ಬಳಿ, ತೆಂಗಿನಕಾಯಿ. ಕಾಯಿ ಜುಟ್ಟ ಯಾವ ಕಡಿ ಇರ್ಬೇಕು ಅನ್ನೋದ್ರ ಮ್ಯಾಲ ನನಗ ಪ್ರತಿಸಲ ಒಂದು ಮಾತು ಬೀಳ್ತದ, ಈ ಸಲಾನೂ ಬಿತ್ತು. ಈ ಸಲ ಅವರು ಎರಡು ಬೆಳ್ಳಿ ಕಣ್ಣೂ ತಂದಿದ್ರು, ಕಲಬುರಗಿ ಸರಾಫ್ ಬಜಾರಿನ್ಯಾಗ ಮಾಡಿಸಿದ್ದು. ಕಣ್ಣಿನ ಪೊರಿ ಆಪರೇಷನ್ ಆಗಿ ಅವರಿಗ ನಿಚ್ಚಳ ಕಾಣಿಸ್ಲಕತ್ತಿತ್ತು, ಅದಕ್ಕ ಹರಕಿ. ಅಂಗೈಯಾಗ ಇಟ್ಕೊಂಡು ಹತ್ರ ನೋಡ್ದೆ, ಎಲಿ ತೆಳು ಬೆಳ್ಳಿ ತಗಡು, ರೆಪ್ಪಿ ಕೂದಲ ತನಕ ಸಣ್ಣ ಗೀರು ಹಾಕ್ಯಾನ ಅಕ್ಕಸಾಲಿ, ಗುಡ್ಡಿ ಜಾಗದಾಗ ಮಾತ್ರ ಒಂದು ಚುಕ್ಕಿ. ಅರ್ಚಕರು ಅದನ್ನ ತಟ್ಟೆಯಾಗ ಇಸಗೊಂಡು ಅಮ್ಮನ ಮುಂದ ಇಟ್ಟು ಹೆಸರು ಗೋತ್ರ ಹೇಳಿದ್ರು. ಅತ್ತಿ ಕಣ್ಣು ಮುಚ್ಚೇ ಇರ್ಲಿಲ್ಲ, ಪೂರ್ತಿ ಹೊತ್ತು ಬಿಟ್ಟ ಕಣ್ಣು ಬಿಟ್ಟಂಗೇ ನೋಡ್ಕೋತ ನಿಂತಿದ್ರು.

ಊಟ ಆಗಿ ಪ್ರಾಕಾರದಾಗ ನೆರಳು ಹಿಡ್ಕೊಂಡು ಕೂತಾಗ ಮೈದುನ ತನ್ನ ಪಾಠ ತಗದ. ಇದೇ ಆವರಣದಾಗ ಕಾಳಿ ಗುಡಿ ಅದ. 1986ರಾಗ ಆ ಗುಡಿ ಮಾಳಗಿ ಕುಸಿದು ಬಿತ್ತು, ಮೂರ್ತಿಗ ಪೆಟ್ಟಾಯ್ತು. ಮಣ್ಣು ಕಲ್ಲು ತಗದು ನೋಡಿದ್ರ ಕಾಳಿ ನಿಂತಿದ್ದ ಪೀಠದ ಕಲ್ಲಿನ ಮ್ಯಾಲ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅಶೋಕನ ಶಾಸನ! ಎರಡೂ ಬದಿ ಬರದದ್ದು. ಆ ಕಲ್ಲಿನ ಫೋಟೋ ಅವನ ಫೋನಿನ್ಯಾಗ ಇತ್ತು, ದೊಡ್ಡದು ಮಾಡಿ ತೋರಿಸ್ದ. ಅಕ್ಷರ ಸಾಲು ಸಾಲು ಚಂದಗ ಹೊಂಟಾವ, ಸಣ್ಣ ಗೆರಿ, ಚುಕ್ಕಿ, ಕೊಕ್ಕಿ, ನಟ್ಟ ನಡುವ ಬಂದ್ರ ಚೌಕ ತೂತು. ಮೂರ್ತಿ ಕಾಲಬುಡ ಕೂಡಿಸಲಕ ಕಲ್ಲುಕುಟಿಗ ಚಾಣ ಹೊಡದು ಕೊರದಾನ. ತೂತಿನ ಅಂಚಿಗ ಅರ್ಧ ಅರ್ಧ ಅಕ್ಷರ ನೇತಾಡ್ತಾವ, ಒಳಗ ಹೋದವು ಹೋದ್ವು.

ಅದರಾಗ ಏನು ಬರದದ ಅಂತ ಅತ್ತಿ ಕೇಳಿದ್ರು. ಇಲ್ಲೇ ನೋಡ್ರಿ ವಿಷಯ ಇರೋದು. ಒಂದು ಬದಿ ಅಶೋಕನ ಹದಿನಾಲ್ಕು ಬಂಡೆ ಶಾಸನದಾಗಿನ ಹನ್ನೆರಡನೇದು ಮತ್ತ ಹದಿನಾಲ್ಕನೇದು. ಹಿಂದಿನ ಬದಿ ಎರಡು "ಪ್ರತ್ಯೇಕ ಶಾಸನ", ಅಂದ್ರ ಆ ಹದಿನಾಲ್ಕರ ಸಾಲಿಗ ಸೇರದವು, ಅವು ಅದಕ್ಕ ಮೊದ್ಲು ಸಿಕ್ಕಿದ್ದು ಕಳಿಂಗದ ಧೌಲಿ ಮತ್ತ ಜೌಗಡದಾಗ ಮಾತ್ರ. ಹನ್ನೆರಡನೇದ್ರಾಗ ರಾಜ ಏನಂತಾನಂದ್ರ, ತನ್ನ ಪಂಥನೇ ಹೊಗಳಿ ಬ್ಯಾರೆಯವರ ಪಂಥ ಬೈಬ್ಯಾಡ್ರಿ, ಹಂಗ ಮಾಡೋನು ತನ್ನ ಪಂಥಕ್ಕೇ ಕೆಡಕು ಮಾಡ್ಕೋತಾನ, ಒಬ್ಬರ ಧರ್ಮದ ಮಾತು ಇನ್ನೊಬ್ಬರು ಕೇಳ್ರಿ. ಪ್ರತ್ಯೇಕ ಶಾಸನದಾಗ, ಎಲ್ಲಾ ಮನುಷ್ಯರೂ ನನ್ನ ಮಕ್ಕಳು ಅಂತಾನ, ನನ್ನ ಮಕ್ಕಳಿಗ ಹ್ಯಾಂಗ ಇಹಪರದ ಒಳ್ಳೇದು ಬಯಸ್ತೀನೋ ಎಲ್ಲರಿಗೂ ಹಂಗೇ ಅಂತ, ಇದನ್ನ ಹೇಳಿದ್ದು ಬ್ಯಾರೆ ಯಾರಿಗೂ ಅಲ್ಲ, ತನ್ನ ಅಧಿಕಾರಿಗಳಿಗ. ಇಷ್ಟೆಲ್ಲಾ ಬರದ ಕಲ್ಲಿನ ಮ್ಯಾಲ ಕಾಳಿ ಎಷ್ಟು ಶತಮಾನ ನಿಂತಿದ್ಳು, ಮಂದಿ ಕುಂಕುಮ ಹಚ್ಚಿ ಕಾಯಿ ಒಡದು ಹೋಗಿದ್ರು, ಒಬ್ಬರಿಗೂ ಗೊತ್ತಿಲ್ಲ.

"ಅಮ್ಮ ಕಾಯ್ಕೊಂಡು ಕೂತಿದ್ಳು" ಅಂದ್ರು ಅತ್ತಿ ತಟ್ಟನೆ. "ಕಾಯ್ಕೊಂಡು ಅಲ್ಲವ್ವ, ತೂತು ಕೊರದಾರ" ಅಂದ ಮೈದುನ. "ಕೊರದದ್ದು ನಿಮ್ಮ ಗಂಡಸರು, ಕಾಯ್ದಾಕಿ ಆಕಿ. ಹೊರಗ ಬಿದ್ದಿದ್ರ ಯಾವನೋ ಮನಿ ಮೆಟ್ಲಿಗ ಹಾಕ್ಕೋತಿದ್ದ" ಅಂದ್ರು. ಮೈದುನ ಹೆಂಗಾದ್ರೂ ಒಪ್ಪಬೇಕಾಯ್ತು, ಯಾಕಂದ್ರ ಸನ್ನತಿ ಸೀಮ್ಯಾಗ ಹಳೀ ಕಲ್ಲು ಗೋಡಿಗ, ಕಟ್ಟಿಗ, ದನದ ಕೊಟ್ಟಿಗಿಗ ಸೇರಿರೋದು ಎಲ್ಲರಿಗೂ ಗೊತ್ತಿರೋದೇ.

ಈ ಶಾಸನದ ಬಗ್ಗೆ ವಾಟ್ಸಾಪಿನ್ಯಾಗ ಎರಡು ಥರ ಮೆಸೇಜ್ ಬರ್ತಾವ. ಒಬ್ರು, ಇದು ಬೌದ್ಧರದೇ ಜಾಗ, ಕಿತ್ಕೊಂಡ್ರು ಅಂತಾರ. ಇನ್ನೊಬ್ರು, ಅಶೋಕ ಗಿಶೋಕ ಎಲ್ಲಾ ಕಟ್ಟುಕಥಿ, ಮೊದಲಿಂದ್ಲೂ ಅಮ್ಮಂದೇ ಅಂತಾರ. ಎರಡೂ ಗುಂಪಿನವರು ಆ ಹನ್ನೆರಡನೇ ಶಾಸನ ಒಂದ್ಸಲ ಓದಿದ್ರ ಛಲೋ ಇತ್ತು. ನನಗನಿಸೋದು, ಗುಡಿ ಕಟ್ಟೋ ಹೊತ್ತಿಗ ಆ ಲಿಪಿ ಓದೋರು ಯಾರೂ ಉಳಿದಿರ್ಲಿಲ್ಲ, ಮೇಸ್ತ್ರಿಗ ಒಂದು ಗಟ್ಟಿ ಚಪ್ಪಟಿ ಕಲ್ಲು ಬೇಕಿತ್ತು, ಸಿಕ್ತು. ದ್ವೇಷಕ್ಕ ಕೊರದದ್ದಲ್ಲ, ಭಕ್ತಿಗ ಉಳಿಸಿದ್ದೂ ಅಲ್ಲ. ಆದ್ರೂ ಅತ್ತಿ ಮಾತು ಪೂರ್ತಿ ತಗದು ಹಾಕ್ಲಕ ಆಗಂಗಿಲ್ಲ, ಪೂಜಿ ನಡೆಯೋ ಜಾಗ ಅಂತ ಆ ಕಲ್ಲು ಅಲ್ಲೇ ಉಳೀತು ಅನ್ನೋದು ಖರೇ.

ಸನ್ನತಿ ಹೆಸರು ವಿದ್ವಾಂಸರ ಬಾಯಿಗ ಬಂದದ್ದು 1986ಕ್ಕೇ ಅಲ್ಲ, 1954ರಾಗ ಕಪಟರಾಳ ಕೃಷ್ಣರಾಯರು ಇಲ್ಲಿಯ ಶಿಲ್ಪ, ಶಾಸನ ಗುರುತಿಸಿದ್ರು. ಆದ್ರ ಮಾಳಗಿ ಬಿದ್ದ ಮ್ಯಾಲೇ ಎಲ್ಲರೂ ಇತ್ತ ಓಡಿ ಬಂದ್ರು. ಸಂಜಿಗ ಊರ ಹೊರಗ ರಣಮಂಡಲ ಅನ್ನೋ ಜಾಗಕ್ಕ ಹೋಗಿ ಬಂದ್ವಿ, ಹಳೀ ಕೋಟಿ ಇದ್ದ ಜಾಗ ಅದು. ಈಗ ಮಣ್ಣಿನ ದಿಬ್ಬ, ಇಟ್ಟಂಗಿ ತುಂಡು, ಮಡಕಿ ಚೂರು. ಒಂದು ಚೂರು ನಾ ಎತ್ಕೊಂಡೆ, ಮೈದುನ ಬೈದು ಅಲ್ಲೇ ಇಡಿಸ್ದ. ರಾತ್ರಿ ಗುಡಿ ಕಡಿ ರೂಮಿನ್ಯಾಗ ಮಲಗಿದ್ವಿ, ಕರೆಂಟ್ ಹೋಗಿ ನಡುರಾತ್ರಿಗ ಬಂತು, ಸೊಳ್ಳಿ ಮಾತ್ರ ಹೋಗ್ಲಿಲ್ಲ.

ರವಿವಾರ

ನಸುಕಿನ ಆರತಿ ಮುಗಿಸಿ ಕನಗನಹಳ್ಳಿಗ ಹೊಂಟ್ವಿ, ಸನ್ನತಿಯಿಂದ ಸುಮಾರು 3 ಕಿ.ಮೀ. ಅತ್ತಿ ಬರಂಗಿಲ್ಲ ಅಂತ ಕೂತಿದ್ರು, ಆಮ್ಯಾಲ ಒಬ್ಬಾಕಿನೇ ಕೂತು ಏನ್ ಮಾಡ್ಲಿ ಅಂತ ಬಂದ್ರು. ಇಲ್ಲಿ ಎಎಸ್‌ಐದವರು, ಅಂದ್ರ ಕೇಂದ್ರದ ಪುರಾತತ್ವ ಇಲಾಖೆಯವರು, 1994ರಿಂದ ಕೆಲವು ವರ್ಷ ಅಗದು ಮಹಾಸ್ತೂಪ ಹೊರಗ ತಗದಾರ. ಇಲ್ಲಿಯ ಶಾಸನದಾಗ ಇದರ ಹೆಸರು ಅಧೋಲೋಕ ಮಹಾಚೈತ್ಯ. ಕ್ರಿಸ್ತಪೂರ್ವ ಒಂದನೇ ಶತಮಾನದ ಆಸುಪಾಸಿನಿಂದ ಕ್ರಿಸ್ತಶಕ ಮೂರನೇ ಶತಮಾನದ ತನಕ ಇದು ಜೀವಂತ ಇದ್ದ ಜಾಗ. ಅಶೋಕನ ಹೆಸರು ಬರದ ಅವನ ಉಬ್ಬುಶಿಲ್ಪ ಸಿಕ್ಕಿದ್ದು ಇಲ್ಲೇ, ರಾಜ, ರಾಣಿ, ಛತ್ರಿ ಚಾಮರ ಹಿಡದ ಹೆಂಗಸರು, ಮ್ಯಾಲ ಬ್ರಾಹ್ಮಿಯಾಗ "ರಾಯೋ ಅಸೋಕೋ". ಇವ ಇಂಥವನೇ ಅಂತ ಹೆಸರು ಹಾಕಿ ಕೆತ್ತಿದ ಅಶೋಕ ಅಂದ್ರ ಇದೇ. ಕೆತ್ತಿದವ ಅವನ್ನ ನೋಡಿರ್ಲಿಲ್ಲ ಅನ್ರಿ, ಅವ ಸತ್ತು ಭಾಳ ಕಾಲ ಆಗಿತ್ತು, ಆದ್ರ ಈ ಸೀಮ್ಯಾಗ ಅವನ ನೆನಪು ಅಳಿದಿರ್ಲಿಲ್ಲ.

ಸಾತವಾಹನ ರಾಜರೂ ಹೆಸರು ಸಮೇತ ಅದಾರ. ಅದರಾಗ ಒಂದು ಫಲಕದ ಮ್ಯಾಲ ಬರದದ್ದು, ರಾಜ ಸಾತಕಣಿ ಮಹಾಚೈತ್ಯಕ್ಕ ಬೆಳ್ಳಿ ಕಮಲದ ಹೂ ಅರ್ಪಿಸ್ತಾನ, ಅಂತ. ಮೈದುನ ಇದನ್ನ ಹೇಳ್ದಾಗ ನಾನೂ ಅತ್ತಿನೂ ಮಾರಿ ಮಾರಿ ನೋಡ್ಕೊಂಡ್ವಿ. "ಅವನಿಗೇನಾಗಿತ್ತಂತ, ಹರಕಿ ಏನಿತ್ತು" ಅಂತ ಅತ್ತಿ ಕೇಳಿದ್ರು. ಅದು ಬರದಿಲ್ಲ ಅಂದ ಮೈದುನ. "ಹೆಂಗ ಬರೀತಾನ, ಹರಕಿ ಯಾರಿಗೂ ಹೇಳಬಾರ್ದು" ಅಂದ್ರು. ಇನ್ನೊಂದು ಫಲಕದಾಗ ಪುಳುಮಾವಿ ರಾಜ ಉಜ್ಜಯಿನಿನೇ ಇನ್ನೊಬ್ಬಗ ಕೊಟ್ಟುಬಿಡ್ತಾನ, ಅದು ರಾಜಕೀಯ, ಅತ್ತಿಗ ಅದರಾಗ ಆಸಕ್ತಿ ಬರ್ಲಿಲ್ಲ.

ಅವರು ನಿಂತದ್ದು ಬುದ್ಧನ ಪಾದದ ಕಲ್ಲಿನ ಮುಂದ. ಎರಡು ಪಾದ, ಅಂಗಾಲಿನ ನಡುವ ಚಕ್ರ. ದೇವಿ ಪಾದ, ದತ್ತನ ಪಾದುಕಿ, ಗುರುಗಳ ಪಾದ ನೋಡ್ಕೋತ ಬೆಳದ ಮುದುಕಿಗ ಇದು ಪರಿಚಯದ ವಸ್ತುನೇ. ಗಾಣಗಾಪುರಕ್ಕ ಹೋದ್ರೂ ನೋಡೋದು ನಿರ್ಗುಣ ಪಾದುಕಿನೇ ಅಲ್ಲ? ಸೆರಗಿನ ಗಂಟು ಬಿಚ್ಚಿ ಸನ್ನತಿ ಕುಂಕುಮ ಹೊರಗ ತಗದ್ರು. ಕಾವಲಿನವ ದೂರದಿಂದ್ಲೇ ನೋಡಿ, "ಏ ಯವ್ವಾ, ಹಚ್ಚಬ್ಯಾಡ್ರಿ, ಸಾಹೇಬ್ರು ನನ್ನ ನೌಕರಿ ತಗೀತಾರ" ಅಂತ ಓಡಿ ಬಂದ. ಅತ್ತಿ ಕುಂಕುಮ ಮತ್ತ ಗಂಟು ಹಾಕಿ ಬರೀ ಕೈ ಮುಗುದ್ರು. ಅವನಿಗೂ ಪಾಪ ಅನಿಸಿರ್ಬೇಕು, ನೀರು ತಂದು ಕೊಟ್ಟ, ತಮ್ಮನಿ ದೇವ್ರೂ ಚಂದ್ರಲಾಂಬಾನೇ ಅಂದ.

ಶಿಲ್ಪ ಮಾತ್ರ ನೋಡಿದ್ರ ಹೊಟ್ಟಿ ಉರೀತದ. ಎಷ್ಟೋ ವರ್ಷ ಈ ಕಲ್ಲು ಬಿಸಲು ಮಳಿಗ ಹಂಗೇ ಬಿದ್ದಿದ್ವು, ಇತ್ತೀಚಿಗ ಜೋಡಿಸಿ ನಿಲ್ಲಿಸೋ ಕೆಲಸ ಶುರುವಾಗ್ಯದ. ಸಾಂಚಿ, ಅಮರಾವತಿ ಅಂದ್ರ ಮಕ್ಕಳ ಪುಸ್ತಕದಾಗ ಪಾಠ ಅದ, ನಮ್ಮ ಚಿತ್ತಾಪುರ ತಾಲೂಕಿನ ಕನಗನಹಳ್ಳಿ ಅಂದ್ರ ಕಲಬುರಗಿಯಾಗೇ ಅರ್ಧ ಮಂದಿಗ ಗೊತ್ತಿಲ್ಲ. ಸನ್ನತಿ ತನಕ ಬರೋ ಭಕ್ತರ ಗಾಡಿ ಇನ್ನು 3 ಕಿ.ಮೀ. ಮುಂದ ಬರಂಗಿಲ್ಲ. ಕನಗನಹಳ್ಳಿ ನೋಡ್ಲಕ ಕ್ಯಾಮೆರಾ ಹಿಡ್ಕೊಂಡು ದೂರದಿಂದ ಬರೋರು ಸನ್ನತಿ ಗುಡಿಯೊಳಗ ಕಾಲಿಡಂಗಿಲ್ಲ. ಮೈದುನನೇ ತನ್ನ ಹುಡುಗರನ್ನ ಟೂರ್ ಕರ್ಕೊಂಡು ಬಂದಾಗ ಸ್ತೂಪ ತೋರಿಸಿ ಹಂಗೇ ತಿರುಗಿಸಿದ್ನಂತ, ಈ ಸಲ ಅವನ ಬಾಯಿಂದ್ಲೇ ಬಂತು, ಮುಂದಿನ ಸಲ ಹುಡುಗರಿಗ ಗುಡಿ ಪ್ರಸಾದನೂ ಉಣಿಸ್ತೀನಿ ಅಂತ.

ವಾಪಸ್ ಬಂದ ದಾರಿನೇ ಬ್ಯಾಡ ಅಂತ ಸನ್ನತಿ ಬ್ಯಾರೇಜ್ ಮ್ಯಾಲಿಂದ ಭೀಮಾ ದಾಟಿದ್ವಿ, ಆ ದಂಡಿ ಯಾದಗಿರಿ ಜಿಲ್ಲಾ. ಶಹಾಪುರದಾಗ ಮಿರ್ಚಿ ಭಜಿ, ಸುಸಲಾ, ಎರಡೆರಡು ಕಪ್ ಚಹಾ. ಹೈವೇಯಿಂದ ಮಲಗಿದ ಬುದ್ಧನ ಬೆಟ್ಟ ಕಾಣ್ತದ, ಮಾರಿ, ಎದಿ, ಹೊಟ್ಟಿ ಎಲ್ಲಾ ಸರಿಯಾಗಿ, ನಮ್ಮನಿಯವರು ಗಾಡಿ ಹೊಡ್ಕೋತಾನೇ ಒಂದು ಕಣ್ಣು ಅತ್ತ ಇಟ್ಟಿದ್ರು, ನಾ ಬೈದೆ. ಜೇವರ್ಗಿ ಮ್ಯಾಲ ಹಾದು ರಾತ್ರಿ ಊಟದ ಹೊತ್ತಿಗ ಕಲಬುರಗಿ.

ಹೋಗೋರಿಗ ಒಂದೆರಡು ಮಾತು. ಯುಗಾದಿ ಆದಮ್ಯಾಲ ಚೈತ್ರದಾಗ ಅಮ್ಮನ ತೇರು, ನವರಾತ್ರಿಯಾಗೂ ಗದ್ದಲ, ಸುಮ್ನ ಕೂತು ನೋಡ್ಬೇಕು ಅನ್ನೋರು ಡಿಸೆಂಬರ್, ಜನವರಿ ನೋಡ್ಕೊಳ್ರಿ. ಏಪ್ರಿಲ್ ಬಿಸಲಿನ್ಯಾಗ ಕನಗನಹಳ್ಳಿಗ ಮಧ್ಯಾಹ್ನ ಹೋಗಲೇಬ್ಯಾಡ್ರಿ, ನೆರಳಿಲ್ಲ, ಕಲ್ಲು ಕಾದಿರ್ತದ. ಕುಡಿಯೋ ನೀರು ಚಿತ್ತಾಪುರ ಇಲ್ಲಾ ಶಹಾಪುರದಾಗೇ ತುಂಬ್ಕೊಳ್ರಿ. ಉಡಿ ಸಾಮಾನು ಗುಡಿ ಮುಂದ ಸಿಗ್ತದ, ಖಣ ಮಾತ್ರ ಮನಿಯಿಂದ ಒಯ್ದ್ರ ಛಲೋ. ಇತಿಹಾಸ ಹೇಳೋ ಮೈದುನ ನಿಮ್ಮನ್ಯಾಗೂ ಇದ್ರ ಅವನ್ನೂ, ಅವನ ಜೊತಿಗ ಜಗಳಾಡೋ ಅತ್ತಿನೂ ಕೂಡೇ ಕರ್ಕೊಂಡು ಹೋಗ್ರಿ.